ಎಸಿಸಿ ಪಂದ್ಯ ಆಂಟೆನಾಗೆ ಏಕೆ ಸಿಗುತ್ತಿಲ್ಲ? ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿನ ಊರೂರಿನ ಟೀವಿ ಕೇಂದ್ರಗಳ ಮೂಲಕವೂ ಮನೆಗೆ ಬರುತ್ತಿತ್ತು. ಈ ‘ಸಿಂಡಿಕೇಶನ್’ ಪದ್ಧತಿ ಕುರಿತು ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಾವಿರುವುದು ಉತ್ತರ ಕೆರೊಲಿನಾದ ಕ್ಯಾರಿಯಲ್ಲಿ. ಮೊದಲೆಲ್ಲ ಆಂಟೆನಾ ಹಾಕಿದರೆ ಎಸಿಸಿ ಪಂದ್ಯಗಳು ಪುಕ್ಕಟೆ ಬರುತ್ತಿದ್ದವು. ಈಗ ಅಪರೂಪ. ಆಂಟೆನಾ ಕೆಟ್ಟಿದೆಯೋ, ಪಂದ್ಯಗಳೇ ಬೇರೆಡೆ ಹೋದವೋ?
– ಓದುಗರೊಬ್ಬರು, ಕ್ಯಾರಿ

ಮುಖ್ಯವಾಗಿ ಪಂದ್ಯಗಳೇ ಹೋದವು. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಎಂಬ ಕಾಲೇಜು ತಂಡಗಳ ಕೂಟದ, ಅಂದರೆ ಎಸಿಸಿಯ, ಪಂದ್ಯಗಳನ್ನು ಸ್ಥಳೀಯ ಕೇಂದ್ರಗಳಿಗೆ ಹಂಚುತ್ತಿದ್ದದ್ದು ಷಾರ್ಲಟ್ ನಗರದ ರೇಕಾಮ್ ಸ್ಪೋರ್ಟ್ಸ್. 2019ರ ಮಾರ್ಚ್‌ನ ಎಸಿಸಿ ಟೂರ್ನಿಯೊಂದಿಗೆ ಆ ಏರ್ಪಾಡು ಮುಗಿಯಿತು. ಅದೇ ಆಗಸ್ಟ್ 22ರಂದು ಇಎಸ್‌ಪಿಎನ್ ನಡೆಸುವ ಎಸಿಸಿ ನೆಟ್‌ವರ್ಕ್ ಎಂಬ ಕೇಬಲ್ ಚಾನೆಲ್ ಶುರುವಾಯಿತು. ಸ್ಥಳೀಯ ಕೇಂದ್ರಕ್ಕೆ ಪಂದ್ಯದಿಂದ ಬರುವುದು ಜಾಹೀರಾತಿನ ದುಡ್ಡು ಮಾತ್ರ. ಕೇಬಲ್ ಚಾನೆಲ್ಲಿಗಾದರೆ ಪಂದ್ಯ ನೋಡದ ಮನೆಯಿಂದಲೂ ತಿಂಗಳು ತಿಂಗಳು ಚಂದಾ ಬರುತ್ತದೆ. ಈ ಲೆಕ್ಕದ ಮುಂದೆ ಪುಕ್ಕಟೆ ಟೀವಿ ನಿಲ್ಲುವ ಹಾಗಿರಲಿಲ್ಲ. ಇಂಥದ್ದೇ ಇನ್ನೊಂದು ಕೂಟ ಬಿಗ್ ಟೆನ್ 2007ರಲ್ಲೇ ಸ್ವಂತ ಚಾನೆಲ್ ಮಾಡಿಕೊಂಡಿತ್ತು, ಮತ್ತೊಂದು ಕೂಟ ಎಸ್‌ಇಸಿ 2014ರಲ್ಲಿ. ಎಸಿಸಿ ತಡವಾಗಿ ಅದೇ ದಾರಿ ಹಿಡಿಯಿತು.

ಪೂರ್ತಿ ನಿರಾಶೆ ಬೇಡ. 2023ರಿಂದ ಕೆಲವು ಎಸಿಸಿ ಪಂದ್ಯಗಳು ದಿ ಸಿಡಬ್ಲ್ಯು ವಾಹಿನಿಯಲ್ಲಿ ಬರುತ್ತಿವೆ. ಪುರುಷರ ಪಂದ್ಯಗಳು ಹೆಚ್ಚಾಗಿ ಶನಿವಾರ, ಮಹಿಳೆಯರವು ಭಾನುವಾರ. ಅದು ಆಂಟೆನಾಗೆ ಸಿಗುವ ವಾಹಿನಿ. ನಿಮ್ಮಲ್ಲಿ ಬರದಿದ್ದರೆ ಮೊದಲು ಟೀವಿಯ ಮೆನುವಿನಲ್ಲಿ ಮೂಲವನ್ನು ‘ಕೇಬಲ್’ನಿಂದ ‘ಆಂಟೆನಾ’ಗೆ ಬದಲಿಸಿ ಚಾನೆಲ್‌ಗಳನ್ನು ಹೊಸದಾಗಿ ಸ್ಕ್ಯಾನ್ ಮಾಡಿ. 2020ರ ಜುಲೈವರೆಗೆ ನಡೆದ ತರಂಗಾಂತರ ಮರುಹಂಚಿಕೆಯಲ್ಲಿ ನೂರಾರು ಕೇಂದ್ರಗಳು ಜಾಗ ಬದಲಿಸಿವೆ. ಪರದೆಯ ಮೇಲೆ ಕಾಣುವ ಸಂಖ್ಯೆ ಹಳೆಯದೇ ಇದ್ದರೂ ಒಳಗಿನ ತರಂಗಾಂತರ ಬೇರೆ. ಆಮೇಲೂ ಬರದಿದ್ದರೆ ಆಂಟೆನಾವನ್ನು ಪ್ರಸಾರ ಗೋಪುರದ ದಿಕ್ಕಿನ ಕಿಟಕಿಗೆ ಸರಿಸಿ. ಗೋಪುರ ಹತ್ತಿರವಿದ್ದರೆ ಆಂಪ್ಲಿಫೈಯರ್ ತೆಗೆದು ನೋಡಿ. ಸಿಗ್ನಲ್ ಅತಿಯಾದರೂ ಟ್ಯೂನರ್ ಕಂಗೆಡುತ್ತದೆ.

ಪ್ರಶ್ನೆ: ನೆಟ್‌ವರ್ಕಿಗೂ ಸಿಂಡಿಕೇಶನ್ನಿಗೂ ಏನು ವ್ಯತ್ಯಾಸ? ದುಡ್ಡು ಯಾರಿಂದ ಯಾರಿಗೆ ಹೋಗುತ್ತದೆ?
– ಪತ್ರಿಕೋದ್ಯಮ ವಿದ್ಯಾರ್ಥಿನಿ, ಧಾರವಾಡ

ನೆಟ್‌ವರ್ಕ್ ತನ್ನ ಜೊತೆ ಕಾಯಂ ಒಪ್ಪಂದವಿರುವ ಕೇಂದ್ರಗಳಿಗೆ ಒಂದೇ ಕಾರ್ಯಕ್ರಮವನ್ನು ದೇಶಾದ್ಯಂತ ಕೊಡುತ್ತದೆ. ಸಿಂಡಿಕೇಟರ್‌ಗೆ ಆ ಸೌಲಭ್ಯವಿಲ್ಲ. ಕಾನ್ಫರೆನ್ಸಿನಿಂದ ಹಕ್ಕು ಕೊಂಡು, ಊರೂರಿಗೂ ಹೋಗಿ ಕೇಂದ್ರಗಳನ್ನು ಒಪ್ಪಿಸಬೇಕು. ನೋಡುಗರ ಸಂಖ್ಯೆ ಅಳೆಯುವ ನೀಲ್ಸನ್ ಸಂಸ್ಥೆ ಅಮೆರಿಕವನ್ನು 210 ಟೀವಿ ಮಾರುಕಟ್ಟೆಗಳಾಗಿ ಹಂಚಿದೆ. ಒಂದು ಮಾರುಕಟ್ಟೆಯಲ್ಲಿ ಪಂದ್ಯ ಒಂದೇ ಕೇಂದ್ರಕ್ಕೆ, ಇದು ಸಿಂಡಿಕೇಶನ್ನಿನ ಮೂಲ ನಿಯಮ. ಎಸಿಸಿಗೆ ಬೇಕಾದದ್ದು ಎಲ್ಲ 210 ಅಲ್ಲ, ವರ್ಜೀನಿಯಾ, ಎರಡೂ ಕೆರೊಲಿನಾ, ಜಾರ್ಜಿಯಾ, ಹೀಗೆ ತಂಡಗಳ ಅಭಿಮಾನಿಗಳಿರುವ ಸೀಮೆ.

ವ್ಯವಹಾರದಲ್ಲಿ ಮೂರು ಬಗೆ: ಕೇಂದ್ರ ನಗದು ಕೊಡುವುದು, ‘ಬಾರ್ಟರ್’, ಇಲ್ಲವೇ ಎರಡರ ಬೆರಕೆ. ಬಾರ್ಟರ್‌ನಲ್ಲಿ ದುಡ್ಡು ಕೈ ಬದಲಾಗುವುದಿಲ್ಲ. ಒಂದು ಪಂದ್ಯಕ್ಕೆ 30 ಸೆಕೆಂಡಿನ 40 ಜಾಹೀರಾತು ಜಾಗಗಳಿವೆ ಎಂದಿಟ್ಟುಕೊಳ್ಳಿ. 24ನ್ನು ಸಿಂಡಿಕೇಟರ್ ಇಟ್ಟುಕೊಂಡು ವಿಮೆ, ಕಾರು, ತಂಪು ಪಾನೀಯದ ಕಂಪನಿಗಳಿಗೆ ಇಡೀ ಸೀಮೆಗೆ ಒಟ್ಟಾಗಿ ಮಾರುತ್ತಾನೆ. ಉಳಿದ 16ನ್ನು ಕೇಂದ್ರ ತನ್ನೂರಿನ ಕಾರ್ ಶೋರೂಮಿಗೂ ಪೀಠೋಪಕರಣದ ಅಂಗಡಿಗೂ ಮಾರಿಕೊಳ್ಳುತ್ತದೆ.

ಈ ವ್ಯವಹಾರ ಕುಸಿಯುವುದು ‘ಕ್ಲಿಯರೆನ್ಸ್’ ಎಂಬಲ್ಲಿ, ಅಂದರೆ ಎಷ್ಟು ಊರು ಒಪ್ಪಿವೆ ಎಂಬಲ್ಲಿ. ದೊಡ್ಡ ಮಾರುಕಟ್ಟೆಯೊಂದು ಕೈಕೊಟ್ಟರೆ ಆ 24 ಜಾಗಗಳ ಬೆಲೆಯೂ ಇಳಿಯುತ್ತದೆ. ಸಿಬಿಎಸ್ ಅಥವಾ ಎನ್‌ಬಿಸಿ ಜೊತೆ ಒಪ್ಪಂದವಿರುವ ಕೇಂದ್ರ ವಾರದ ನಡುವಿನ ರಾತ್ರಿ ನೆಟ್‌ವರ್ಕಿನ ಧಾರಾವಾಹಿ ಬದಿಗಿಟ್ಟು ಪಂದ್ಯ ಹಾಕಬೇಕು, ಅದಕ್ಕೆ ನೆಟ್‌ವರ್ಕ್ ಒಪ್ಪಂದದಲ್ಲೇ ಮಿತಿ ಇರುತ್ತದೆ. ಮಿತಿ ಮೀರಿದರೆ ಪಂದ್ಯ ಊರಿನ ಇನ್ನೊಂದು ಸಣ್ಣ ಕೇಂದ್ರಕ್ಕೆ ಜಾರುತ್ತದೆ, ನೋಡುಗರೂ ಕಡಿಮೆಯಾಗುತ್ತಾರೆ. ಸಿಂಡಿಕೇಟರ್‌ನ ಜಾಹೀರಾತು ಹೋಗದಿದ್ದರೆ ಕೇಂದ್ರ ಬದಲಿ ಸಮಯ ಕೊಡಬೇಕು. ಇದಕ್ಕೆ ‘ಮೇಕ್‌ಗುಡ್’ ಎನ್ನುತ್ತಾರೆ. ಯಾವ ಜಾಹೀರಾತು ಎಷ್ಟು ಗಂಟೆಗೆ ಹೋಯಿತೆಂದು ಕೇಂದ್ರ ಬರೆದುಕೊಡುವ ಪ್ರಮಾಣಪತ್ರದ ಮೇಲೆಯೇ ಬಿಲ್ಲು ನಿಂತಿರುತ್ತದೆ.

ಪ್ರಶ್ನೆ: ಇದನ್ನು ಶುರು ಮಾಡಿದವರು ಯಾರು?
– ಮಂಗಳೂರು

ಬಾಸ್ಕೆಟ್‌ಬಾಲ್ ಮಟ್ಟಿಗೆ ಹೇಳಬೇಕಾದ ಹೆಸರು ಸಿ.ಡಿ. ಚೆಸ್ಲಿ. 1957ರ ಮಾರ್ಚ್‌ನಲ್ಲಿ ಸೋಲಿಲ್ಲದ ಉತ್ತರ ಕೆರೊಲಿನಾ ತಂಡ ಕ್ಯಾನ್ಸಸ್ ಸಿಟಿಯಲ್ಲಿ ರಾಷ್ಟ್ರೀಯ ಟೂರ್ನಿಯ ಕೊನೆಯ ಸುತ್ತು ಆಡುವಾಗ, ಪಂದ್ಯಗಳನ್ನು ತವರಿನ ಕೆಲವೇ ಕೇಂದ್ರಗಳಿಗೆ ತಲುಪಿಸಿದವರು ಅವರು. ಸೆಮಿಫೈನಲ್ಲಿಗೆ ಮೂರು ಹೆಚ್ಚುವರಿ ಅವಧಿ ಬೇಕಾಯಿತು. ಮರುದಿನ ವಿಲ್ಟ್ ಚೇಂಬರ್ಲಿನ್ ಇದ್ದ ಕ್ಯಾನ್ಸಸ್ ವಿರುದ್ಧದ ಫೈನಲ್ಲಿಗೂ ಮೂರು, ಗೆದ್ದದ್ದು 54-53ರಲ್ಲಿ. ಟೀವಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇರೆ ಬೇಕೆ? ಮುಂದಿನ ಸೀಸನ್ನಿಂದಲೇ ಚೆಸ್ಲಿ ಎಸಿಸಿ ಪಂದ್ಯಗಳನ್ನು ನಿಯಮಿತವಾಗಿ ಹಂಚತೊಡಗಿದರು. ಪೈಲಟ್ ಲೈಫ್ ವಿಮಾ ಕಂಪನಿ ಬಹುಕಾಲದ ಪ್ರಾಯೋಜಕ. ಅದರ ಜಾಹೀರಾತು ಹಾಡು ಆ ಸೀಮೆಯ ಹಿರಿಯರಿಗೆ ಇಂದಿಗೂ ಬಾಯಿಪಾಠ. 1982-83ರ ಸೀಸನ್ನಿಂದ ರೇಕಾಮ್ ಮತ್ತು ಜೆಫರ್ಸನ್ ಕಂಪನಿಗಳು ಜೊತೆಗೂಡಿ ಈ ಹಕ್ಕು ಪಡೆದವು.

ಪ್ರಶ್ನೆ: ಹ್ಯೂಸ್ಟನ್ನಿನ ಆಸ್ಟ್ರೋಡೋಮ್ ಪಂದ್ಯವನ್ನು ದೊಡ್ಡ ನೆಟ್‌ವರ್ಕ್‌ಗಳು ತೋರಿಸಲೇ ಇಲ್ಲವಂತೆ, ನಿಜವೇ?
– ಹ್ಯೂಸ್ಟನ್

ನಿಜ. 1968ರ ಜನವರಿ 20ರ ಆ ಪಂದ್ಯವನ್ನು ತೋರಿಸಿದ್ದು ಎಡ್ಡಿ ಐನ್‌ಹಾರ್ನ್ ಕಟ್ಟಿದ ಟಿವಿಎಸ್ ಎಂಬ ಸಿಂಡಿಕೇಟರ್, ನೂರಕ್ಕೂ ಹೆಚ್ಚು ಕೇಂದ್ರಗಳಲ್ಲಿ. ಹ್ಯೂಸ್ಟನ್ 71-69ರಿಂದ ಗೆದ್ದು ಯುಸಿಎಲ್‌ಎ ತಂಡದ 47 ಪಂದ್ಯಗಳ ಗೆಲುವಿನ ಸರಣಿ ಮುರಿಯಿತು. ಎಲ್ವಿನ್ ಹೇಸ್ 39 ಅಂಕ ಗಳಿಸಿದರು. ಕ್ರೀಡಾಂಗಣದಲ್ಲಿದ್ದವರು 52,693 ಮಂದಿ. ಆಡುವ ಮರದ ನೆಲವನ್ನು ಲಾಸ್ ಏಂಜಲೀಸಿನಿಂದ ತರಿಸಿದ್ದರು. ಕಾಲೇಜು ಬಾಸ್ಕೆಟ್‌ಬಾಲ್ ರಾತ್ರಿಯ ಮುಖ್ಯ ಹೊತ್ತಿನಲ್ಲೂ ಓಡುತ್ತದೆ ಎಂದು ನೆಟ್‌ವರ್ಕ್‌ಗಳಿಗೆ ಮನವರಿಕೆಯಾಗಿದ್ದು ಈ ಪಂದ್ಯದಿಂದ. ಮರುವರ್ಷದಿಂದ ಕಾಲೇಜುಗಳ ರಾಷ್ಟ್ರೀಯ ಟೂರ್ನಿಯಾದ ಎನ್‌ಸಿಎಎ ಟೂರ್ನಿಯ ಹಕ್ಕು ಎನ್‌ಬಿಸಿ ಪಾಲಾಯಿತು.

ಪ್ರಶ್ನೆ: ನಾನು ಖಾಸಗಿ ಚಾನೆಲ್ಲಿನ ಪ್ರಸಾರ ನಿಯಂತ್ರಣ ಕೊಠಡಿ ಎಂಸಿಆರ್‌ನಲ್ಲಿದ್ದೇನೆ. ಒಂದೇ ಫೀಡ್ (ಪಂದ್ಯದ ಸಿಗ್ನಲ್) ಹತ್ತಾರು ಊರಿಗೆ ಹೋದಾಗ ಪ್ರತಿ ಊರಿನ ಜಾಹೀರಾತು ಸರಿಯಾದ ಹೊತ್ತಿಗೆ ಹೇಗೆ ಕೂರುತ್ತದೆ? ಎಲ್ಲಿ ತಪ್ಪುತ್ತದೆ?
– ಬೆಂಗಳೂರು

ಎಲ್ಲದಕ್ಕೂ ಆಧಾರ ‘ಫಾರ್ಮ್ಯಾಟ್ ಶೀಟ್’. ಪಂದ್ಯಕ್ಕೆ ಮುಂಚೆ ಪ್ರತಿ ಕೇಂದ್ರಕ್ಕೂ ಹೋಗುವ ಈ ಹಾಳೆಯಲ್ಲಿ ಎಷ್ಟನೇ ಬ್ರೇಕ್, ಎಷ್ಟು ಉದ್ದ, ಅದರಲ್ಲಿ ಯಾವ ಭಾಗ ಸಿಂಡಿಕೇಟರ್‌ದು, ಯಾವುದು ಸ್ಥಳೀಯ ಎಂದಿರುತ್ತದೆ. ಉದಾಹರಣೆಗೆ 2 ನಿಮಿಷ 15 ಸೆಕೆಂಡಿನ ಬ್ರೇಕ್‌ನಲ್ಲಿ ಮೊದಲ 75 ಸೆಕೆಂಡಿನ ಜಾಹೀರಾತುಗಳು ಫೀಡ್‌ನಲ್ಲೇ ಬರುತ್ತವೆ, ಕೊನೆಯ 60 ಸೆಕೆಂಡು ಊರಿನದು. ಆ 60 ಸೆಕೆಂಡು ಫೀಡ್ ಖಾಲಿ ಇರಬಾರದು. ಮುಂದಿನ ಪಂದ್ಯದ ಪ್ರೋಮೊ ಓಡುತ್ತಿರಬೇಕು. ಯಾವುದೋ ಊರಿನಲ್ಲಿ ಸ್ಥಳೀಯ ಜಾಹೀರಾತು ಶುರು ಮಾಡಿಸುವ ಸೂಚನೆ, ಅಂದರೆ ಟ್ರಿಗರ್, ಕೈಕೊಟ್ಟರೆ ಪರದೆ ಕಪ್ಪಾಗದೆ ಪ್ರೋಮೊ ಕಾಣುತ್ತದೆ.

ಹಿಂದೆ ಟ್ರಿಗರ್ ಎಂದರೆ ಫೀಡ್‌ನ ಬೇರೊಂದು ಆಡಿಯೋ ಚಾನೆಲ್ಲಿನಲ್ಲಿ ಕಳಿಸುವ ಡಿಟಿಎಂಎಫ್ ಟೋನ್, ನಮ್ಮ ಫೋನ್ ಗುಂಡಿ ಒತ್ತಿದಾಗ ಕೇಳುವ ಅದೇ ಸದ್ದು. ಟೇಪ್ ಯಂತ್ರ ವೇಗ ಹಿಡಿಯಲು ಕೆಲವು ಸೆಕೆಂಡು ಬೇಕಾದ್ದರಿಂದ ಟೋನ್ ಅಷ್ಟು ಮುಂಚೆಯೇ ಬರುತ್ತಿತ್ತು. ಈಗ ಸ್ಟ್ರೀಮ್‌ನೊಳಗೇ ಎಸ್‌ಸಿಟಿಇ-35 ಸಂದೇಶ. ಅದು ಜಾಹೀರಾತು ಜೋಡಿಸುವ ಸ್ಪ್ಲೈಸ್ ಬಿಂದುವಿಗೆ ಕನಿಷ್ಠ 4 ಸೆಕೆಂಡು ಮೊದಲು ತಲುಪಬೇಕು. ತಡವಾಗಿ ಬಂದರೆ ಜಾಹೀರಾತು ಕೂರಿಸುವ ಯಂತ್ರ, ಇನ್ಸರ್ಟರ್, ಅದನ್ನು ಬಿಟ್ಟುಬಿಡುತ್ತದೆ. ಸ್ಪ್ಲೈಸ್ ಆಗುವ ಜಾಗದಲ್ಲಿ ಐಡಿಆರ್ ಫ್ರೇಮ್ (ಹಿಂದಿನ ಚಿತ್ರಗಳ ಹಂಗಿಲ್ಲದ ಪೂರ್ಣ ಚಿತ್ರ) ಇಲ್ಲದಿದ್ದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ದೋಷ ಇನ್ಸರ್ಟರ್‌ದೆಂದು ಬೈಯುವ ಮೊದಲು ಸಿಗ್ನಲ್ ಕುಗ್ಗಿಸಿ ಕಳಿಸುವ ಎನ್‌ಕೋಡರ್‌ನಲ್ಲಿ ಸಂದೇಶ ಬಂದಾಗ ಐಡಿಆರ್ ಹುಟ್ಟಿಸುವ ಆಯ್ಕೆ ಚಾಲೂ ಇದೆಯೇ ನೋಡಿ.

ಕೈಯಿಂದ ಬ್ರೇಕ್ ಹೊಡೆಯುವವರ ತಪ್ಪು ಬೇರೆ. ಪಂದ್ಯದ ಜಾಗದಲ್ಲಿರುವ ಪ್ರಸಾರ ಟ್ರಕ್ಕಿನ ಎಣಿಕೆಯನ್ನು ಫೋನಿನಲ್ಲಿ ಕೇಳಿ ಗುಂಡಿ ಒತ್ತುತ್ತಾರೆ. ಉಪಗ್ರಹದ ಒಂದು ಜಿಗಿತಕ್ಕೆ ಕಾಲು ಸೆಕೆಂಡು, ಕಂಪ್ರೆಶನ್‌ಗೆ ಅದಕ್ಕಿಂತ ಹೆಚ್ಚು ತಡವಿರುವುದರಿಂದ ನಿರೂಪಕರ ಮಾತಿನ ಬಾಲ ಕತ್ತರಿಸಿಹೋಗುತ್ತದೆ. ಎಣಿಕೆ ಎಲ್ಲಿಂದಲೇ ಬರಲಿ, ಒತ್ತುವುದು ನಿಮ್ಮ ರಿಸೀವರ್‌ನಿಂದ ಬಂದ ಚಿತ್ರ ನೋಡಿಯೇ ಆಗಬೇಕು. ಧ್ವನಿಯ ಮಟ್ಟವೂ ಅಷ್ಟೇ ಮುಖ್ಯ. 2012ರ ಡಿಸೆಂಬರ್‌ನಿಂದ ಅಮೆರಿಕದಲ್ಲಿ ಜಾಹೀರಾತು ಕಾರ್ಯಕ್ರಮಕ್ಕಿಂತ ಜೋರಾಗಿರುವಂತಿಲ್ಲ. ಗುರಿ ಸಾಮಾನ್ಯವಾಗಿ –24 ಎಲ್‌ಕೆಎಫ್‌ಎಸ್ (ಧ್ವನಿಯ ಜೋರು ಅಳೆಯುವ ಮಾನ). ಊರಿನ ಅಂಗಡಿಯವರು ಕಳಿಸಿದ ಫೈಲು ಸಾಮಾನ್ಯವಾಗಿ ಇದಕ್ಕಿಂತ ಜೋರಾಗಿಯೇ ಇರುತ್ತದೆ, ಸರ್ವರ್‌ಗೆ ಹಾಕುವಾಗಲೇ ಅಳೆದು ಇಳಿಸಿ.

ಹೆಚ್ಚಿನವರು ಮರೆಯುವ ಇನ್ನೊಂದು ತೊಂದರೆ ಸೂರ್ಯನದು. ವರ್ಷಕ್ಕೆ ಎರಡು ಸಲ, ಹಗಲು ರಾತ್ರಿ ಸಮವಾಗುವ ವಿಷುವದ ಆಸುಪಾಸಿನಲ್ಲಿ, ಉಪಗ್ರಹದ ನೇರ ಹಿಂದೆ ಸೂರ್ಯ ಬಂದು ಡಿಶ್‌ಗೆ ಬರೀ ಗದ್ದಲ ಕೇಳಿಸುತ್ತದೆ. ಉತ್ತರ ಕೆರೊಲಿನಾದ ಅಕ್ಷಾಂಶದಲ್ಲಿ ಇದು ಮಾರ್ಚ್ ಮೊದಲ ವಾರದ ಸುಮಾರಿಗೆ, ಹಗಲಿನಲ್ಲಿ. ಕಾನ್ಫರೆನ್ಸ್ ಟೂರ್ನಿಗಳ ಮಧ್ಯಾಹ್ನದ ಪಂದ್ಯಗಳೂ ಆಗಲೇ! ನಿಮ್ಮ ಬೆಂಗಳೂರಿನಲ್ಲಿ ಮಾರ್ಚ್ ಮಧ್ಯದ ಹೊತ್ತಿಗೆ. ಕೆಲವು ದಿನ, ದಿನಕ್ಕೆ ಕೆಲವು ನಿಮಿಷ. ಡಿಶ್ ದೊಡ್ಡದಾದಷ್ಟೂ ನಿಮಿಷ ಕಡಿಮೆ. ಉಪಗ್ರಹದ ಕಂಪನಿ ವೇಳಾಪಟ್ಟಿ ಕೊಡುತ್ತದೆ. ಆ ಹೊತ್ತಿಗೆ ಫೈಬರ್‌ಗೆ ಅಥವಾ 20 ಡಿಗ್ರಿಯಷ್ಟು ದೂರದ ಇನ್ನೊಂದು ಉಪಗ್ರಹಕ್ಕೆ ಬದಲಾಯಿಸಿಕೊಳ್ಳಬೇಕು. ಅಷ್ಟು ದೂರವಿದ್ದರೆ ಅದರ ಸರದಿ ಒಂದು ಗಂಟೆಗೂ ಹೆಚ್ಚು ಹಿಂದೆಯೋ ಮುಂದೆಯೋ ಇರುತ್ತದೆ.

ಪ್ರಶ್ನೆ: ಇಎಸ್‌ಪಿಎನ್‌ನಲ್ಲಿ ಇದೆ ಎಂದು ಪತ್ರಿಕೆಯಲ್ಲಿ ಅಚ್ಚಾದ ಪಂದ್ಯ ಹಿಂದೆಲ್ಲ ನಮ್ಮ ಮನೆಯ ಇಎಸ್‌ಪಿಎನ್‌ನಲ್ಲಿ ಬರುತ್ತಿರಲಿಲ್ಲ. ಏಕೆ?
– ಷಾರ್ಲಟ್

ಹಕ್ಕನ್ನು ಸೀಮೆಯಿಂದ ಸೀಮೆಗೆ ಹೋಳು ಮಾಡಿ ಮಾರಿದ್ದರಿಂದ. ದೇಶದ ಉಳಿದ ಭಾಗಕ್ಕೆ ಇಎಸ್‌ಪಿಎನ್, ಎಸಿಸಿ ಸೀಮೆಯಲ್ಲಿ ಸ್ಥಳೀಯ ಕೇಂದ್ರ. ಕೇಬಲ್ ಕಂಪನಿ ನಿಮ್ಮ ಊರಿನ ಮಟ್ಟಿಗೆ ಇಎಸ್‌ಪಿಎನ್‌ನ ಆ ಪಂದ್ಯ ಮುಚ್ಚಿ ಬೇರೊಂದನ್ನು ಹಾಕಬೇಕಿತ್ತು. ಊರಿನ ಕೇಂದ್ರಕ್ಕೆ ಹಾಕಿಕೊಟ್ಟ ಬೇಲಿ ಇದು. ಈ ಬೇಲಿ ಇಲ್ಲದಿದ್ದರೆ ಕಾರ್ ಶೋರೂಮಿನವರು ಕೇಂದ್ರಕ್ಕೆ ದುಡ್ಡು ಕೊಡುತ್ತಲೇ ಇರಲಿಲ್ಲ.

ಪ್ರಶ್ನೆ: ಕಾಲೇಜು ಪಂದ್ಯಗಳಲ್ಲಿ 16, 12, 8, 4 ನಿಮಿಷ ಉಳಿದಾಗ ಆಟ ನಿಲ್ಲುವುದು ಟೀವಿಗಾಗಿಯೇ?
– ಬಾಸ್ಕೆಟ್‌ಬಾಲ್ ಕೋಚ್, ಮೈಸೂರು

ಹೌದು, ಟೀವಿಗಾಗಿಯೇ. ಪುರುಷರ ಪಂದ್ಯದಲ್ಲಿ 20 ನಿಮಿಷದ ಪ್ರತಿ ಅರ್ಧದಲ್ಲೂ ಗಡಿಯಾರ ಆ ಗುರುತು ದಾಟಿದ ಮೇಲೆ ಚೆಂಡು ಮೊದಲು ‘ಡೆಡ್’ ಆದಾಗ, ಅಂದರೆ ಸೀಟಿ ಬಿದ್ದು ಆಟ ನಿಂತಾಗ, ಮೀಡಿಯಾ ಟೈಮ್‌ಔಟ್. ಸೀಟಿ ಬೀಳದೆ 16ರ ವಿರಾಮ 12:30ರವರೆಗೆ ತಳ್ಳಿಹೋದರೆ, ಅದರ ಬೆನ್ನಲ್ಲೇ 12ರದೂ ಬಂದು ಎರಡು ಬ್ರೇಕ್ ಒಂದರ ಮೇಲೊಂದು ಬೀಳುತ್ತವೆ. ನೋಡುಗರು ಚಾನೆಲ್ ಬದಲಿಸುವುದು ಆಗಲೇ. ಕೋಚ್ ಆಗಿ ನಿಮಗೆ ಉಪಯೋಗದ ಮಾತು: ಇಂಥ ವಿರಾಮ ಹತ್ತಿರವಿರುವಾಗ ಅನುಭವಿಗಳು ಸ್ವಂತ ಟೈಮ್‌ಔಟ್ ಖರ್ಚು ಮಾಡುವುದಿಲ್ಲ. ಮಹಿಳೆಯರ ಪಂದ್ಯ 2015-16ರಿಂದ ನಾಲ್ಕು ಕ್ವಾರ್ಟರಿನದು, ಅಲ್ಲಿ ಗುರುತು ಪ್ರತಿ ಕ್ವಾರ್ಟರಿನ 5 ನಿಮಿಷಕ್ಕೆ.

ಇಷ್ಟು ಸೆಕೆಂಡಿನೊಳಗೆ ಚೆಂಡನ್ನು ಬುಟ್ಟಿಯತ್ತ ಎಸೆಯಲೇಬೇಕೆಂದು ಎಣಿಸುವ ಶಾಟ್ ಕ್ಲಾಕ್ ಹಿಂದೆಯೂ ಟೀವಿಯ ನೆರಳಿದೆ. 1982ರ ಎಸಿಸಿ ಫೈನಲ್ಲಿನಲ್ಲಿ ಉತ್ತರ ಕೆರೊಲಿನಾ ಚೆಂಡನ್ನು ಸುಮ್ಮನೆ ಹಿಡಿದು ಕಾಲ ಕಳೆದು ವರ್ಜೀನಿಯಾವನ್ನು 47-45ರಿಂದ ಸೋಲಿಸಿದ್ದನ್ನು ದೇಶವೇ ನೋಡಿ ಬೇಸತ್ತಿತು. ಮುಂದಿನ ಸೀಸನ್ನಿನಲ್ಲೇ ಎಸಿಸಿ ಶಾಟ್ ಕ್ಲಾಕ್ ಪ್ರಯೋಗಿಸಿತು. 1985-86ರಲ್ಲಿ ದೇಶಕ್ಕೆಲ್ಲ 45 ಸೆಕೆಂಡು, ಆಮೇಲೆ 35, ಈಗ 30.

ಪ್ರಶ್ನೆ: ಕರ್ನಾಟಕದ ವಿಶ್ವವಿದ್ಯಾಲಯ ಟೂರ್ನಿಗಳನ್ನು ಹೀಗೆ ಜಿಲ್ಲೆ ಜಿಲ್ಲೆಯ ಚಾನೆಲ್‌ಗಳಿಗೆ ಹಂಚಬಹುದೇ?
– ದೈಹಿಕ ಶಿಕ್ಷಣ ಅಧ್ಯಾಪಕರು, ಶಿವಮೊಗ್ಗ

ಅಮೆರಿಕದ ರೀತಿಯಲ್ಲಿ ಆಗದು. ನಮ್ಮಲ್ಲಿ ಗೋಪುರದಿಂದ ಬಿತ್ತರಿಸುವ ಟೀವಿ ದೂರದರ್ಶನಕ್ಕೆ ಮಾತ್ರ ಸೀಮಿತ. ಖಾಸಗಿಯವರು ಉಪಗ್ರಹದಿಂದ ಇಡೀ ದೇಶಕ್ಕೆ ಕಳಿಸುತ್ತಾರೆ. ಹಾಗಾಗಿ ಇಲ್ಲಿ ಮಾರುಕಟ್ಟೆ ಹೋಳಾಗುವುದು ಊರಿನಿಂದಲ್ಲ, ಭಾಷೆಯಿಂದ. ಕಬಡ್ಡಿ ಲೀಗಿನ ಕನ್ನಡ ಫೀಡ್ ಅದಕ್ಕೆ ಉದಾಹರಣೆ. 2007ರ ಕಾಯಿದೆಯಂತೆ ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಿಗ್ನಲ್ಲನ್ನು ಪ್ರಸಾರ ಭಾರತಿಗೆ ಕೊಡಬೇಕು, ಟೀವಿ ಜಾಹೀರಾತಿನ ಆದಾಯದಲ್ಲಿ ಕನಿಷ್ಠ 75 ಪಾಲು ಹಕ್ಕುದಾರರಿಗೆ, ಉಳಿದ 25 ಪ್ರಸಾರ ಭಾರತಿಗೆ. ಕಾಲೇಜು ಟೂರ್ನಿ ಆ ಪಟ್ಟಿಗೆ ಸೇರಿದ್ದಲ್ಲ.

ಉಳಿಯುವುದು ಜಿಲ್ಲಾ ಕೇಬಲ್‌ನವರ ಸ್ವಂತ ಚಾನೆಲ್. ಅಲ್ಲೂ ತೊಡಕಿದೆ. 2022ರ ನವೆಂಬರ್‌ನ ಕೇಂದ್ರ ಮಾರ್ಗಸೂಚಿಯಂತೆ ಅಂಥ ಚಾನೆಲ್ಲಿನ ಕಾರ್ಯಕ್ರಮ ಆ ಕೇಬಲ್ ಜಾಲಕ್ಕೆ ಮಾತ್ರ ಮೀಸಲು, ಇನ್ನೊಬ್ಬ ಆಪರೇಟರ್ ಜೊತೆ ಹಂಚಿಕೊಳ್ಳುವಂತಿಲ್ಲ. ದೇವಸ್ಥಾನ ಮುಂತಾದ ಧಾರ್ಮಿಕ ಸ್ಥಳಗಳ ನೇರ ಪ್ರಸಾರಕ್ಕೆ ವಿನಾಯಿತಿ ಇದೆ, ಬಾಸ್ಕೆಟ್‌ಬಾಲಿಗಿಲ್ಲ. ಆದ್ದರಿಂದ ನಿಮ್ಮೂರಿನ ಒಬ್ಬ ಆಪರೇಟರ್‌ಗೆ ಪಂದ್ಯ ಕೊಡಿ, ಉಳಿದ ಜಿಲ್ಲೆಗಳಿಗೆ ಯೂಟ್ಯೂಬ್ ನೇರ ಪ್ರಸಾರ ಸಾಕು. ಎರಡು ಕ್ಯಾಮೆರಾ, ಸ್ಕೋರ್ ತೋರಿಸುವ ಒಂದು ಲ್ಯಾಪ್‌ಟಾಪ್, ಒಂದು ಸಿಮ್ ಕೈಕೊಟ್ಟರೆ ಇನ್ನೊಂದಕ್ಕೆ ಬದಲಾಗುವ ಬೇರೆ ಬೇರೆ ಕಂಪನಿಯ ಎರಡು ಸಿಮ್‌ಗಳ ರೂಟರ್, ಇಷ್ಟಿದ್ದರೆ ಕೆಲಸ ನಡೆಯುತ್ತದೆ. ಸ್ಥಳೀಯ ಪ್ರಾಯೋಜಕರ ಜಾಹೀರಾತನ್ನು ಟೈಮ್‌ಔಟ್‌ಗಳಲ್ಲಿ ಹಾಕಿ. ಟೈಮ್‌ಔಟ್ ಎಷ್ಟು ಸೆಕೆಂಡಿನದೆಂದು ಮೊದಲೇ ರೆಫರಿಗಳ ಬಳಿ ಮಾತಾಡಿಟ್ಟುಕೊಳ್ಳಿ. ಇಲ್ಲದಿದ್ದರೆ 30 ಸೆಕೆಂಡಿನ ಜಾಹೀರಾತು ಮುಗಿಯುವಷ್ಟರಲ್ಲಿ ಚೆಂಡು ಆಗಲೇ ಬುಟ್ಟಿಯಲ್ಲಿರುತ್ತದೆ.