ನಾಯಕಿಗೆ ಶಾಕ್ ಹೊಡೆಯಿತು, ಮೇನ್ ಆರಿಸುವವರು ಯಾರು?

ತಿಪಟೂರಿನ ಓದುಗರೊಬ್ಬರ ಪತ್ರ: ‘ಸಂಜೆಯ ಧಾರಾವಾಹಿಯಲ್ಲಿ ನಾಯಕಿಗೆ ಇಸ್ತ್ರಿಪೆಟ್ಟಿಗೆಯಿಂದ ಶಾಕ್ ಹೊಡೆಯಿತು. ಡಾಕ್ಟರು ಮಿದುಳಿನಲ್ಲಿ ರಕ್ತಸ್ರಾವ ಎಂದರು. ವೈದ್ಯನಾದ ನನ್ನ ಸೋದರಳಿಯ ಬಿದ್ದು ಬಿದ್ದು ನಕ್ಕ. ಕಥೆಗೆ ಇಷ್ಟು ಸ್ವಾತಂತ್ರ್ಯವೂ ಬೇಡವೇ?’

ಬೇಕು, ಖಂಡಿತ. ದಿನಕ್ಕೊಂದು ಕಂತು ಹೊಸೆಯುವವರ ಪಾಡು ನನಗೂ ಗೊತ್ತು. ಅಷ್ಟು ಹೇಳಿ ನಾನು ನಿಮ್ಮ ಸೋದರಳಿಯನ ಪಕ್ಕದಲ್ಲಿ ಕೂರುತ್ತೇನೆ. ಅವರು ನಕ್ಕಿದ್ದು ಮಾತ್ರ ತುಸು ಅವಸರವಾಯಿತು.

ಮನೆಯ 230 ವೋಲ್ಟಿನ ಕರೆಂಟು ಕೊಲ್ಲುವುದಿದ್ದರೆ ಹೆಚ್ಚಾಗಿ ಹೃದಯದ ಲಯ ತಪ್ಪಿಸಿ ಕೊಲ್ಲುತ್ತದೆ. ಕೈಯ ಸ್ನಾಯು ಬಿಗಿದು ತಂತಿಯನ್ನು ಬಿಡಲಾಗುವುದಿಲ್ಲ. ‘ಕರೆಂಟು ಹಿಡಿದುಕೊಂಡಿತು’ ಎಂದು ಜನ ಸುಮ್ಮನೆ ಹೇಳುವುದಿಲ್ಲ. ಕರೆಂಟಿನಿಂದಲೇ ಮಿದುಳಿನಲ್ಲಿ ರಕ್ತ ಒಸರುವುದು ಅಪರೂಪ. ಬಿದ್ದ ಏಟಿನಿಂದಾದರೆ ಆಗಬಹುದು.

ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಪಕ್ಕದ ಮನೆಯ ಯಜಮಾನರು ಬಚ್ಚಲಿನಲ್ಲಿ ಬಕೆಟ್ಟಿಗೆ ಹೀಟರ್ ಕಾಯಿಲ್ ಇಳಿಬಿಟ್ಟು, ನೀರು ಕಾದಿದೆಯೇ ಎಂದು ಬೆರಳದ್ದಿದರು. ಎಗರಿ ಬಿದ್ದರು. ಹಿಂದಲೆ ಒಗೆಯುವ ಕಲ್ಲಿನ ಅಂಚಿಗೆ ಬಡಿಯಿತು. ಎದ್ದು ಕುಳಿತು ಕಾಫಿ ಕುಡಿದರು, ತಮಾಷೆಯನ್ನೂ ಮಾಡಿದರು. ನಾವೆಲ್ಲ ಅವರ ಬೆರಳನ್ನೇ ನೋಡುತ್ತಿದ್ದೆವು. ಸಂಜೆಗೆ ವಾಂತಿ, ಮಂಪರು, ತೊದಲು. ಸ್ಕ್ಯಾನ್ ಮಾಡಿದಾಗ ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಆ ಕಾಫಿ ಲೋಟಕ್ಕಿಂತ ದೊಡ್ಡ ನಾಟಕ ಯಾವ ಧಾರಾವಾಹಿಗೆ ಬೇಕು? ನಮ್ಮವರು ಒಗೆಯುವ ಕಲ್ಲನ್ನೇ ಬಿಟ್ಟು ಆಪರೇಷನ್ ಥಿಯೇಟರಿನ ಕೆಂಪು ದೀಪಕ್ಕೆ ಹಾರುತ್ತಾರೆ.

ಅಲ್ಲಿ ಇನ್ನೊಂದು ಅವಾಂತರ. ಪರದೆಯ ಗೆರೆ ನೇರವಾದೊಡನೆ ಎದೆಗೆ ಶಾಕ್ ಕೊಡುತ್ತಾರೆ. ಆ ಯಂತ್ರ ಇರುವುದು ಲಯಗೆಟ್ಟು ಅದುರುವ ಹೃದಯಕ್ಕೆ, ಪೂರ್ತಿ ನಿಂತದ್ದಕ್ಕಲ್ಲ. ಅಮೆರಿಕದವರೂ ಸಾಚಾ ಅಲ್ಲ ಬಿಡಿ. ಅಲ್ಲಿನ ಮೂರು ಟಿವಿ ಕಾರ್ಯಕ್ರಮಗಳನ್ನು ಕೂತು ನೋಡಿದವರು 1996ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಲೆಕ್ಕ ಕೊಟ್ಟಿದ್ದರು: ಹೃದಯ ನಿಂತು ಎದೆ ಒತ್ತಿಸಿಕೊಂಡವರಲ್ಲಿ ಶೇ. 75ರಷ್ಟು ಮಂದಿ ಆ ಗಳಿಗೆಗೆ ಬದುಕಿಕೊಂಡಿದ್ದರು! ನಿಜವಾದ ವಾರ್ಡಿನಲ್ಲಿ ಅಂಥ ಭಾಗ್ಯವೆಲ್ಲಿ?

ತಪ್ಪು ಬರೆದರೆಂದಲ್ಲ, ಯಾರನ್ನೂ ಕೇಳಲಿಲ್ಲವೆಂದು ನನಗೆ ಸಿಟ್ಟು. ನಮ್ಮ ಕಚೇರಿಗೆ ಬರುವ ಕಥೆಗಳದ್ದೂ ಇದೇ ಹಾಡು. ಕಳೆದ ತಿಂಗಳು ಒಂದರಲ್ಲಿ ಮಾಗಿಯ ಚಳಿಯಲ್ಲಿ ಮಾವಿನಹಣ್ಣು ಕೊಯ್ದರು. ವೈದ್ಯರು ಬೇಡ, ಸೆಟ್ಟಿನಲ್ಲಿ ಲೈಟು ಹಿಡಿದು ನಿಂತ ಹುಡುಗನನ್ನು ಕೇಳಿದ್ದರೂ ‘ಮೊದಲು ಮೇನ್ ಆರಿಸಬೇಕು ಸಾರ್’ ಎನ್ನುತ್ತಿದ್ದ. ನಿಮ್ಮ ಧಾರಾವಾಹಿಯ ನಾಯಕ ಓಡಿ ಬಂದು, ಇಸ್ತ್ರಿಪೆಟ್ಟಿಗೆ ಹಿಡಿದೇ ಇದ್ದ ಅವಳನ್ನು ತಬ್ಬಿಕೊಂಡನೆಂದು ನೀವೇ ಬರೆದಿದ್ದೀರಿ. ಅವನಿಗೆ ಕೂದಲೂ ಕೊಂಕಲಿಲ್ಲವಂತೆ.