ಉತ್ತರ: ಹೊಸ ಆಕ್ಯುಪೇಷನಲ್ ಥೆರಪಿಸ್ಟ್‌ಗೆ ಏನೇನು ಬರಬೇಕು?

ರಾಯಚೂರಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಆಗಿ, ಅಂದರೆ ರೋಗಿಗೆ ಊಟ, ಬಟ್ಟೆ, ಸ್ನಾನದಂಥ ದಿನದ ಕೆಲಸಗಳನ್ನು ಮತ್ತೆ ಕಲಿಸುವವರಾಗಿ, ಕೆಲಸಕ್ಕೆ ಸೇರುವವರು ಪಾರ್ಶ್ವವಾಯು ರೋಗಿಗೆ ಸ್ವಂತವಾಗಿ ಏನು ಮಾಡಬಲ್ಲವರಾಗಿರಬೇಕು ಅಂತ ಕೇಳಿದ್ದೀರಿ. ಮೊದಲು ಭುಜ. ಸೋತ ಕೈ ಹಿಡಿದೆಳೆದು ಎಬ್ಬಿಸಲೇಬಾರದು; ಸ್ನಾಯು ಸಡಿಲವಾಗಿರುವ ಭುಜದ ಕೀಲು ಜಾರುತ್ತೆ, ಒಮ್ಮೆ ನೋವು ಹಿಡಿದರೆ ರೋಗಿ ಕೈ ಮುಟ್ಟಲೂ ಬಿಡಲ್ಲ. ಮನೆಯವರಿಗೆ ಬಾಯಲ್ಲಿ ಹೇಳಿದರೆ ಸಾಲದು, ಅವರ ಕೈಯಲ್ಲೇ ಮಾಡಿಸಿ ನೋಡಿ. ಅಂಗಿ ಹಾಕುವಾಗ ಸೋತ ಕೈ ಮೊದಲು, ತೆಗೆಯುವಾಗ ಕೊನೆಗೆ.

ದಿನದ ಕೆಲಸಗಳನ್ನು ರೋಗಿ ಎಷ್ಟು ಸ್ವಂತವಾಗಿ ಮಾಡುತ್ತಾರೆ ಅಂತ ಅಳೆಯುವ ಬಾರ್ತೆಲ್ ಸೂಚ್ಯಂಕದಲ್ಲಿ 100ಕ್ಕೆ 100 ಬಂದರೂ ನೆಲದಿಂದ ಏಳಲು ಬರುತ್ತೆ ಅಂತ ಅರ್ಥವಲ್ಲ, ಅದನ್ನು ಬೇರೆಯಾಗಿಯೇ ಪರೀಕ್ಷಿಸಿ. ನಮ್ಮ ಕಡೆ ಊಟ ನೆಲದ ಮೇಲೇ ಅಲ್ಲವೇ? ಗುರಿ ಬರೆಯುವಾಗ 'ಕೈಬಲ ಹೆಚ್ಚಿಸುವುದು' ಅನ್ನಬೇಡಿ. '3 ವಾರದಲ್ಲಿ ಬಲಗೈಯಿಂದ ಜೋಳದ ರೊಟ್ಟಿ ಮುರಿದು ತಿನ್ನುವುದು' ಅಂತ ಬರೆಯಿರಿ. ತಿನ್ನುವಾಗ ಕೆಮ್ಮು ಬಂದರೆ ಅಲ್ಲಿಗೇ ನಿಲ್ಲಿಸಿ, ವೈದ್ಯರನ್ನು ಕರೆಯಿರಿ.