ಒಡೆದ ಕುಕ್ಕರ್ ವಾಪಸ್ ಕೊಟ್ಟುಬಿಡಬೇಡಿ

ಕಾಸು ಕೊಟ್ಟು ತಂದ ವಸ್ತುವಿನಿಂದಲೇ ಗಾಯ ಮಾಡಿಕೊಂಡವರ ಪತ್ರಗಳು ಈ ಸಲ ಜಾಸ್ತಿ ಬಂದಿವೆ. ಅದರಲ್ಲಿ ಐದನ್ನು ತೆಗೆದುಕೊಂಡಿದ್ದೇನೆ. ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಮೇಡಂ, ಹೋದ ತಿಂಗಳು ಕುಕ್ಕರಿನಲ್ಲಿ ಬೇಳೆ ಇಟ್ಟಿದ್ದೆ. ಎರಡು ಕೂಗು ಕೂಗಿತು, ಮೂರನೆಯದು ಬರಲೇ ಇಲ್ಲ. ಒಲೆ ಆರಿಸೋಣ ಅಂತ ಹತ್ತಿರ ಹೋದೆ, ಮುಚ್ಚಳ ಹಾರಿ ಸಜ್ಜೆಗೆ ಬಡಿಯಿತು. ಬಲಗೈ, ಕುತ್ತಿಗೆ ಸುಟ್ಟು 9 ದಿನ ಆಸ್ಪತ್ರೆಯಲ್ಲಿದ್ದೆ. ಕುಕ್ಕರ್ ತಂದು 7 ತಿಂಗಳಾಗಿದೆ, ಬಿಲ್ ಇದೆ. ಕಂಪನಿಯ ಸರ್ವಿಸ್ ಸೆಂಟರಿನವರು ಮನೆಗೇ ಬಂದು, ಹಳೇ ಕುಕ್ಕರ್ ಕೊಡಿ, ಹೊಸದರ ಜೊತೆಗೆ 15,000 ರೂಪಾಯಿ ಕೊಡುತ್ತೇವೆ, ಒಂದು ಪೇಪರಿಗೆ ಸಹಿ ಹಾಕಿ ಅನ್ನುತ್ತಿದ್ದಾರೆ. ಮನೆಯವರು ತಗೊಂಡು ಸುಮ್ನಿರು ಅನ್ನುತ್ತಾರೆ. ಏನು ಮಾಡಲಿ? — ದಾವಣಗೆರೆ

ಉತ್ತರ: ಕುಕ್ಕರ್ ಕೊಡಬೇಡಿ. ಸಹಿಯನ್ನೂ ಹಾಕಬೇಡಿ. ಉಳಿದದ್ದು ಆಮೇಲೆ ಓದಿ.

ನಿಮ್ಮ ಕೇಸಿನಲ್ಲಿ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಆ ಕುಕ್ಕರೇ. ಅದು ಅವರ ಕೈ ಸೇರಿದ ಮೇಲೆ ಸೇಫ್ಟಿ ವಾಲ್ವ್ ಕೆಲಸ ಮಾಡಿತ್ತಾ, ಮುಚ್ಚಳದ ಹಿಡಿತ ಸರಿಯಿತ್ತಾ ಅಂತ ಬೇರೆ ಯಾರೂ ನೋಡಿ ಹೇಳಲು ಆಗೋದಿಲ್ಲ, ಅವರು ಹೇಳಿದ್ದೇ ಕೊನೆಯ ಮಾತಾಗುತ್ತದೆ.

ನಾನು ಇದನ್ನು ಕಲಿತದ್ದು ನಮ್ಮ ಮನೆಯಲ್ಲೇ. ನಮ್ಮ ದೊಡ್ಡಮ್ಮ ಮಂಡಿನೋವಿಗೆ ಅಂತ ರಬ್ಬರಿನ ಹಾಟ್ ವಾಟರ್ ಬ್ಯಾಗ್ ಇಟ್ಟುಕೊಂಡಿದ್ದರು. ಒಂದು ರಾತ್ರಿ ಅದರ ಅಂಚು ಬಿಟ್ಟುಕೊಂಡು ಬಿಸಿನೀರೆಲ್ಲ ತೊಡೆಯ ಮೇಲೆ ಚೆಲ್ಲಿತು. ಆ ಗಡಿಬಿಡಿಯಲ್ಲಿ ಹಾಸಿಗೆ ಎತ್ತಿದೆವು, ನೆಲ ಒರೆಸಿದೆವು, ಬೆಳಗ್ಗೆ ಕಸದ ಗಾಡಿ ಬಂದಾಗ ಬ್ಯಾಗನ್ನೂ ಅದಕ್ಕೇ ಹಾಕಿದೆವು. ಹದಿನೈದು ದಿನ ಬಿಟ್ಟು ದೂರು ಕೊಡೋಣ ಅಂತ ಕೂತಾಗ ಅದು ಯಾವ ಕಂಪನಿಯದು ಅನ್ನೋದೂ ಯಾರಿಗೂ ನೆನಪಿರಲಿಲ್ಲ. ದೊಡ್ಡಮ್ಮನ ತೊಡೆಯ ಮೇಲೆ ಅಂಗೈ ಅಗಲದ ಕಲೆ ಕೊನೆವರೆಗೂ ಇತ್ತು.

ಹಾಗಾಗಿ ಕುಕ್ಕರ್ ತೊಳೆಯಬೇಡಿ. ಒಳಗೆ ಬೇಳೆ ಒಣಗಿ ಅಂಟಿದ್ದರೂ ಹಾಗೇ ಇರಲಿ, ಯಾಕಂದರೆ ವಿಶಲ್ ಕೂರುವ ತೂತಿನಲ್ಲಿ ಸಿಪ್ಪೆ ಕಟ್ಟಿಕೊಂಡಿತ್ತೋ ಇಲ್ಲವೋ ಅನ್ನೋದೇ ನಾಳೆ ದೊಡ್ಡ ಪ್ರಶ್ನೆಯಾಗುತ್ತದೆ. ಕಟ್ಟಿಕೊಂಡಿದ್ದರೂ ನಿಮ್ಮ ಕೇಸು ಬಿದ್ದುಹೋಗುವುದಿಲ್ಲ. ತೂತು ಮುಚ್ಚಿಹೋದರೆ ಆವಿ ಹೊರಗೆ ಹೋಗಲಿ ಅಂತಲೇ ಸೇಫ್ಟಿ ವಾಲ್ವ್ ಇಟ್ಟಿರುತ್ತಾರೆ. ಅದು ಬಿಟ್ಟುಕೊಳ್ಳದೆ ಮುಚ್ಚಳವೇ ಹಾರಿದರೆ ಯಾಕೆ ಅಂತ ಕಂಪನಿ ಉತ್ತರ ಹೇಳಬೇಕು. ಮುಚ್ಚಳ, ಗ್ಯಾಸ್ಕೆಟ್, ವಿಶಲ್, ಮುರಿದ ಚೂರು ಇದ್ದರೆ ಅದೂ, ಎಲ್ಲದರ ಫೋಟೋ ತೆಗೆದು ಒಂದು ಡಬ್ಬಕ್ಕೆ ಹಾಕಿ ಟೇಪ್ ಸುತ್ತಿಡಿ. ಕುಕ್ಕರಿನ ಮೇಲೆ ಐಎಸ್‌ಐ ಗುರುತು ಹುಡುಕಿ, ಅದರ ಹತ್ತಿರ ಸಿಎಂ/ಎಲ್ ಅಂತ ಶುರುವಾಗುವ ನಂಬರ್ ಇರಬೇಕು. ಆ ಗುರುತು ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್, ಅದರ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಲೈಸೆನ್ಸ್ ಅಸಲಿಯೋ ಅಲ್ಲವೋ ಗೊತ್ತಾಗುತ್ತದೆ. 2021ರ ಫೆಬ್ರವರಿ 1ರಿಂದ ಆ ಗುರುತಿಲ್ಲದ ಮನೆಬಳಕೆಯ ಕುಕ್ಕರನ್ನು ಮಾರುವ ಹಾಗೇ ಇಲ್ಲ. ಇದೇ ಕಾರಣಕ್ಕೆ 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಅಮೆಜಾನ್ ಮೂಲಕ ಮಾರಾಟವಾಗಿದ್ದ 2,265 ಮತ್ತು ಫ್ಲಿಪ್‌ಕಾರ್ಟ್ ಮೂಲಕ ಮಾರಾಟವಾಗಿದ್ದ 598 ಕುಕ್ಕರ್‌ಗಳನ್ನು ವಾಪಸ್ ಪಡೆದು ದುಡ್ಡು ಹಿಂತಿರುಗಿಸಿ ಅಂತ ಆದೇಶ ಮಾಡಿ, ತಲಾ 1 ಲಕ್ಷ ದಂಡವನ್ನೂ ಹಾಕಿತ್ತು. ನಿಮ್ಮ ಕುಕ್ಕರಿನ ಮೇಲೆ ಗುರುತೇ ಇಲ್ಲದಿದ್ದರೆ ನಿಮ್ಮ ಕೇಸು ಇನ್ನೂ ಗಟ್ಟಿ.

ಈಗ ಕಾನೂನು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಅದರ 6ನೇ ಅಧ್ಯಾಯ ಇರೋದೇ ನಿಮ್ಮಂಥವರಿಗಾಗಿ. ಹಿಂದಿನ 1986ರ ಕಾಯ್ದೆಯಲ್ಲಿ ಇಂಥ ಪ್ರತ್ಯೇಕ ಅಧ್ಯಾಯ ಇರಲಿಲ್ಲ. ತಯಾರಿಕೆಯಲ್ಲಿ ದೋಷ ಇದ್ದರೆ, ವಿನ್ಯಾಸವೇ ತಪ್ಪಾಗಿದ್ದರೆ, ಅಥವಾ ಹೇಗೆ ಬಳಸಬೇಕು, ಹೇಗೆ ಬಳಸಬಾರದು ಅಂತ ಸರಿಯಾಗಿ ತಿಳಿಸದೇ ಹೋಗಿದ್ದರೆ ತಯಾರಿಸಿದವರೇ ಹೊಣೆ. ಫ್ಯಾಕ್ಟರಿಯಲ್ಲಿ ಯಾರು ಅಜಾಗರೂಕತೆ ಮಾಡಿದರು ಅಂತ ನೀವು ಹುಡುಕಿ ತೋರಿಸಬೇಕಾಗಿಲ್ಲ. ದೋಷ ಇತ್ತು, ಅದರಿಂದಲೇ ಗಾಯವಾಯಿತು, ಇವೆರಡನ್ನು ತೋರಿಸಬೇಕು. ಅದಕ್ಕೆ ಪರೀಕ್ಷೆ ಬೇಕಾದರೆ ಗ್ರಾಹಕರ ಆಯೋಗವೇ, ಅಂದರೆ ಜನ ಗ್ರಾಹಕರ ಕೋರ್ಟ್ ಅನ್ನುವುದೇ, ವಸ್ತುವಿಗೆ ಸೀಲ್ ಹಾಕಿ ಲ್ಯಾಬಿಗೆ ಕಳಿಸುತ್ತದೆ, ಅದರ ಶುಲ್ಕ ನೀವು ಕಟ್ಟಬೇಕಾಗುತ್ತದೆ. ನಾವೇ ಚೆಕ್ ಮಾಡಿ ರಿಪೋರ್ಟ್ ಕೊಡುತ್ತೇವೆ ಅಂತ ಕಂಪನಿಯವರು ಹೇಳಿದರೆ ಒಪ್ಪಬೇಡಿ.

ಒಂದು ವಿಷಯ ಮಾತ್ರ ನಿಮ್ಮ ವಕೀಲರ ಹತ್ತಿರ ಮುಚ್ಚಿಡಬೇಡಿ. ಗ್ಯಾಸ್ಕೆಟ್ಟೋ ವಾಲ್ವೋ ಹಾಳಾಗಿ ಪಾತ್ರೆ ರಿಪೇರಿಯವರ ಹತ್ತಿರ ಬೇರೆ ಹಾಕಿಸಿದ್ದರೆ ಈಗಲೇ ಹೇಳಿ. ಕಂಪನಿ ಮೊದಲು ಹಿಡಿಯೋದೇ ಅದನ್ನು.

ದೂರು ಕೊಡಬೇಕಾದದ್ದು ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗದಲ್ಲಿ. ಕಂಪನಿ ದೆಹಲಿಯಲ್ಲಿರಲಿ, ಚೆನ್ನೈಯಲ್ಲಿರಲಿ, ನೀವಿರುವ ಊರಲ್ಲೇ ದೂರು ಹಾಕಲು ಈಗಿನ ಕಾಯ್ದೆ ಬಿಡುತ್ತದೆ. ಶುಲ್ಕ ಎಷ್ಟು ಅನ್ನೋದು ವಸ್ತುವಿಗೆ ಕೊಟ್ಟ ಬೆಲೆಯ ಮೇಲೆ ನಿಂತಿದೆ. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವೇ ಇಲ್ಲ, ಕುಕ್ಕರಿಗೆ ಅಂತೂ ಒಂದು ರೂಪಾಯಿಯೂ ಇಲ್ಲ. ಕೇಳುವ ಪರಿಹಾರಕ್ಕೂ ಕುಕ್ಕರಿನ ಬೆಲೆಗೂ ಸಂಬಂಧವಿಲ್ಲ. ಆಸ್ಪತ್ರೆ, ಔಷಧಿ, ಡ್ರೆಸಿಂಗಿಗೆ ಓಡಾಡಿದ ಆಟೋ, ಹೋದ ಸಂಬಳ, ಅನುಭವಿಸಿದ ನೋವು, ಉಳಿಯುವ ಕಲೆ, ಎಲ್ಲವನ್ನೂ ಲೆಕ್ಕ ಹಾಕಿ ಕೇಳಬಹುದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಕುಕ್ಕರ್ ಸಿಡಿದು ಆದ ಗಾಯ ಅಂತ ಬರೆದಿದೆಯಾ ನೋಡಿ. ಬರೀ ಸುಟ್ಟಗಾಯ ಅಂತ ಇದ್ದರೆ ಡಾಕ್ಟರನ್ನು ಕೇಳಿ ಕಾರಣವನ್ನೂ ಬರೆಸಿಕೊಳ್ಳಿ.

ವಕೀಲರು ಇರಲೇಬೇಕು ಅಂತಿಲ್ಲ, ನೀವೇ ದೂರು ಕೊಟ್ಟು ನೀವೇ ವಾದ ಮಾಡಬಹುದು. ಆದರೆ ಇಂಥ ಕೇಸಿನಲ್ಲಿ ಲ್ಯಾಬು, ತಜ್ಞರು ಎಲ್ಲ ಬರುತ್ತಾರೆ, ವಕೀಲರಿದ್ದರೆ ಒಳ್ಳೆಯದು. ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೋಗಿ ಕೇಳಿ. ಎಷ್ಟು ದಿನ ಹಿಡಿಯುತ್ತೆ ಅಂತ ಕೇಳುತ್ತೀರಿ. ಪರೀಕ್ಷೆ ಬೇಕಾದ ಕೇಸನ್ನು 5 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆಯಲ್ಲಿದೆ, ಆದರೆ ಅದಕ್ಕಿಂತ ಜಾಸ್ತಿ ಹಿಡಿಯಬಹುದು ಅಂತಲೇ ಮನಸ್ಸು ಗಟ್ಟಿ ಮಾಡಿಕೊಂಡು ಹೊರಡಿ.

ಆ 15,000ದ ಪೇಪರಿನಲ್ಲಿ ಇನ್ನು ಮುಂದೆ ಯಾವ ಕ್ಲೇಮೂ ಮಾಡುವುದಿಲ್ಲ ಅನ್ನುವ ಸಾಲು ಇದ್ದೇ ಇರುತ್ತದೆ. ರಾಜಿ ಮಾಡಿಕೊಳ್ಳುವುದು ತಪ್ಪಲ್ಲ. ಆದರೆ ಸುಟ್ಟ ಚರ್ಮ ತಿಂಗಳುಗಳ ಮೇಲೂ ಬಿಗಿದುಕೊಂಡು ಕೈ ಮಡಚಲು ಕಷ್ಟವಾಗಿ ಮತ್ತೆ ಆಪರೇಷನ್ ಬೇಕಾಗಬಹುದು. ಮುಂದಿನ ಖರ್ಚು ಎಷ್ಟು ಬರಬಹುದು ಅಂತ ಡಾಕ್ಟರು ಹೇಳುವ ಮೊದಲೇ ಯಾಕೆ ಸಹಿ ಹಾಕುತ್ತೀರಿ?

ಪ್ರಶ್ನೆ: ಪುಣೆಯಲ್ಲಿರುವ ಮಗ ಆನ್‌ಲೈನಿನಲ್ಲಿ ಪವರ್ ಬ್ಯಾಂಕ್ ತರಿಸಿ ನನಗೆ ಕಳಿಸಿದ್ದ. ದಿಂಬಿನ ಪಕ್ಕ ಇಟ್ಟು ಮಲಗಿದ್ದೆ, ಉಬ್ಬಿ ಹೊತ್ತಿಕೊಂಡಿತು. ಎಡಗೈ ಬೆರಳು ಸುಟ್ಟಿವೆ. ಬಿಲ್ ಮಗನ ಹೆಸರಲ್ಲಿದೆ. ಡಬ್ಬದ ಮೇಲೆ ತಯಾರಿಸಿದವರ ವಿಳಾಸವೇ ಇಲ್ಲ. ಕೊಂಡವನು ನಾನಲ್ಲವಲ್ಲ, ನನಗೆ ಹಕ್ಕಿದೆಯೇ? — ಶಿರಸಿ

ಉತ್ತರ: ಇದೆ. ಕೊಂಡವರ ಒಪ್ಪಿಗೆಯಿಂದ ವಸ್ತು ಬಳಸುವವರೂ ಗ್ರಾಹಕರೇ ಅಂತ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ.

ನಿಮ್ಮ ಪ್ರಶ್ನೆಗೆ ಹತ್ತಿರ ಹತ್ತಿರ ನೂರು ವರ್ಷದ ಚರಿತ್ರೆಯಿದೆ. 1928ರಲ್ಲಿ ಸ್ಕಾಟ್ಲೆಂಡಿನ ಪೈಸ್ಲಿ ಅನ್ನುವ ಊರಿನ ಕೆಫೆಯಲ್ಲಿ ಮೇ ಡೊನಹ್ಯೂ ಎಂಬ ಹೆಂಗಸಿಗೆ ಸ್ನೇಹಿತರೊಬ್ಬರು ಜಿಂಜರ್ ಬಿಯರ್ ಕೊಡಿಸಿದರು. ಬಾಟಲಿ ಒಳಗೇನಿದೆ ಅಂತ ಕಾಣದಂಥದ್ದು. ಸ್ವಲ್ಪ ಕುಡಿದು, ಉಳಿದದ್ದನ್ನು ಬಗ್ಗಿಸಿದಾಗ ಕೊಳೆತ ಬಸವನಹುಳು ಬಂತು, ಅದರಿಂದ ಕಾಯಿಲೆ ಬಿದ್ದೆ ಅಂತ ಆಕೆ ಕೇಸು ಹಾಕಿದಳು. ದುಡ್ಡು ಕೊಟ್ಟವಳು ಆಕೆಯಲ್ಲ, ಹಾಗಾಗಿ ಅಂಗಡಿಯವನ ಜೊತೆ ಆಕೆಗೆ ಯಾವ ಕರಾರೂ ಇರಲಿಲ್ಲ. ಆದರೂ ಕೊನೆಗೆ ಕುಡಿಯುವವರ ಬಗ್ಗೆ ತಯಾರಕನಿಗೆ ಹೊಣೆಯಿದೆ ಅಂತ 1932ರಲ್ಲಿ, ಆಗ ಬ್ರಿಟನ್ನಿನ ಕೊನೆಯ ಮೇಲ್ಮನವಿ ಕೋರ್ಟೂ ಆಗಿದ್ದ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಕಾನೂನು ಕಾಲೇಜಿನಲ್ಲಿ ನಮಗೆಲ್ಲ ಮೊದಲು ಕಲಿಸಿದ ಕೇಸುಗಳಲ್ಲಿ ಇದೂ ಒಂದು.

ವಿಳಾಸ ಇಲ್ಲದಿರುವುದರಿಂದ ಹೆದರಬೇಡಿ. ತಯಾರಿಸಿದವರು ಯಾರು ಅಂತ ಗೊತ್ತಿಲ್ಲದಿದ್ದರೆ, ಅಥವಾ ಅವರಿಗೆ ನೋಟಿಸ್ ಮುಟ್ಟಿಸಲು ಸಾಧ್ಯವೇ ಇಲ್ಲದಿದ್ದರೆ, ಮಾರಿದವರು ಹೊಣೆ ಹೊರಬೇಕು ಅಂತ 86ನೇ ಸೆಕ್ಷನ್ ಹೇಳುತ್ತದೆ. ಮಾರಿದವರ ಪೂರ್ತಿ ವಿಳಾಸ ಕೊಡಿ ಅಂತ ನಿಮ್ಮ ಮಗ ಆ ಆನ್‌ಲೈನ್ ಕಂಪನಿಗೆ ಲಿಖಿತವಾಗಿ ಕೇಳಲಿ, 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅವರು ಕೊಡಲೇಬೇಕು. ದೂರಿನಲ್ಲಿ ಮಾರಿದವರ ಜೊತೆ ಆನ್‌ಲೈನ್ ಕಂಪನಿಯನ್ನೂ ಸೇರಿಸಿ. ನಾವು ಬರೀ ಮಧ್ಯವರ್ತಿ ಅಂತ ಅವರು ಹೇಳಿಯೇ ಹೇಳುತ್ತಾರೆ, ಅದನ್ನು ಆಯೋಗ ತೀರ್ಮಾನಿಸಲಿ. ಆರ್ಡರ್ ಮಾಡಿದ ಪುಟದ ಸ್ಕ್ರೀನ್‌ಶಾಟ್ ಇವತ್ತೇ ತೆಗೆಸಿ, ನಾಳೆ ಆ ಪುಟ ಇರುತ್ತದೆ ಅಂತ ನಂಬಬೇಡಿ. ಪವರ್ ಬ್ಯಾಂಕಿನ ಮೇಲೆ ಬಿಐಎಸ್‌ನ ನೋಂದಣಿ ನಂಬರ್ ಇರಬೇಕು, ಆರ್ ಅಕ್ಷರದಿಂದ ಶುರುವಾಗುತ್ತದೆ. ಸುಟ್ಟು ಉಳಿದಿರೋದರಲ್ಲಿ ಕಾಣುತ್ತಾ ನೋಡಿ. ಸುಟ್ಟ ಬ್ಯಾಟರಿ ಮತ್ತೆ ಹೊತ್ತಿಕೊಳ್ಳಬಹುದು, ಮನೆಯೊಳಗೆ ಇಡಬೇಡಿ. ಲೋಹದ ಡಬ್ಬದಲ್ಲಿ ಮರಳು ಹಾಕಿ ಹೊರಗೆ, ಮಳೆ ಬೀಳದ ಕಡೆ ಇಡಿ.

ಪ್ರಶ್ನೆ: ನಾನೂ ನನ್ನ ಹೆಂಡತಿಯೂ ಚಿಕ್ಕ ಮೆಸ್ ನಡೆಸುತ್ತೇವೆ. ಹೊಸ ಗ್ರೈಂಡರ್ ಶಾಕ್ ಹೊಡೆದು ಆಕೆ ಬಿದ್ದು ಮಣಿಕಟ್ಟು ಮುರಿಯಿತು. ವ್ಯಾಪಾರಕ್ಕೆ ಕೊಂಡದ್ದು, ಗ್ರಾಹಕರ ಕೋರ್ಟಿಗೆ ಬರುವುದಿಲ್ಲ ಅನ್ನುತ್ತಾನೆ ಅಂಗಡಿಯವನು. ನಿಜವಾ? — ತುಮಕೂರು

ಉತ್ತರ: ಪೂರ್ತಿ ನಿಜವಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಮಾತ್ರ ಕೊಂಡಿದ್ದರೆ ಅದು ಕಾಯ್ದೆಯ ಅರ್ಥದಲ್ಲಿ ವಾಣಿಜ್ಯ ಉದ್ದೇಶ ಆಗುವುದಿಲ್ಲ. ಗಂಡ ಹೆಂಡತಿ ನೀವೇ ರುಬ್ಬಿ, ನೀವೇ ಬಡಿಸುತ್ತೀರಿ ಅನ್ನೋದನ್ನು ದೂರಿನಲ್ಲಿ ಬಿಡಿಸಿ ಬರೆಯಿರಿ. ಬರೆಯದೇ ಬಿಟ್ಟರೆ ಎದುರಿನವರಿಗೆ ಅನುಕೂಲ.

ನನಗೆ ಚಿಂತೆ ಇರುವುದು ವೈರಿಂಗಿನ ಬಗ್ಗೆ. ಎಷ್ಟೋ ಕಡೆ ಸಾಕೆಟ್ಟಿನಲ್ಲಿ ಮೂರು ತೂತು ಇರುತ್ತವೆ, ಹಿಂದೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ವೈರೇ ಇರುವುದಿಲ್ಲ. ಇನ್ನು ಕೆಲವರು ಎರಡು ತೂತಿನ ಸಾಕೆಟ್ಟಿಗೆ ಹಾಕಲು ಪ್ಲಗ್ಗಿನ ದೊಡ್ಡ ಪಿನ್ನನ್ನೇ ತೆಗೆದುಬಿಡುತ್ತಾರೆ. ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ಕರೆಸಿ ಅರ್ಥಿಂಗ್ ಚೆಕ್ ಮಾಡಿಸಿ ಬರಹದಲ್ಲಿ ತೆಗೆದುಕೊಳ್ಳಿ. ಗ್ರೈಂಡರನ್ನು ಮಾತ್ರ ಬಿಚ್ಚಿಸಬೇಡಿ, ಯಾರಾದರೂ ಬಿಚ್ಚಿದರೆ ಆಮೇಲೆ ತಪ್ಪು ಅವರದ್ದು ಅಂತ ಆಗುತ್ತದೆ. ಅರ್ಥಿಂಗ್ ಸರಿಯಿದ್ದರೆ ಧೈರ್ಯವಾಗಿ ಮುಂದೆ ಹೋಗಿ.

ಪ್ರಶ್ನೆ: ಸಿಲಿಂಡರ್ ಬದಲಿಸಿದ ದಿನವೇ ಗ್ಯಾಸ್ ಸೋರಿ ಬೆಂಕಿ ಹತ್ತಿ ಅಮ್ಮನಿಗೆ ಸುಟ್ಟಿದೆ. ಇನ್ಶೂರೆನ್ಸ್ ಇರುತ್ತೆ ಅಂತಾರೆ, ನಾವು ಮಾಡಿಸಿಲ್ಲ. — ಗದಗ

ಉತ್ತರ: ನೀವು ಮಾಡಿಸಬೇಕಾಗಿಲ್ಲ. ಗ್ಯಾಸೇ ಮೂಲ ಕಾರಣವಾದ ಅಪಘಾತಗಳಿಗೆ ಅಂತ ತೈಲ ಕಂಪನಿಗಳೇ ವಿಮೆ ಇಳಿಸಿರುತ್ತವೆ. ಚಿಕಿತ್ಸೆಗೆ ಒಬ್ಬರಿಗೆ 2 ಲಕ್ಷದವರೆಗೆ, ಸಾವಾದರೆ ಒಬ್ಬರಿಗೆ 6 ಲಕ್ಷ ಅನ್ನುವುದು ಆ ಪಾಲಿಸಿಯ ಮಿತಿ. ಅರ್ಜಿಗಾಗಿ ವಿಮೆ ಕಂಪನಿ ಹುಡುಕಿಕೊಂಡು ಹೋಗಬೇಡಿ, ನಿಮ್ಮ ಏಜೆನ್ಸಿಗೆ ಇವತ್ತೇ ಲಿಖಿತವಾಗಿ ತಿಳಿಸಿ, ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ. ಪೊಲೀಸ್ ಠಾಣೆಗೂ ತಿಳಿಸಿ. ಸಿಲಿಂಡರಿನಲ್ಲೋ ರೆಗ್ಯುಲೇಟರಿನಲ್ಲೋ ದೋಷ ಇತ್ತು ಅಂತ ಆದರೆ ಮೇಲೆ ಹೇಳಿದ ಹಾಗೆ ಗ್ರಾಹಕರ ಆಯೋಗಕ್ಕೂ ಹೋಗಬಹುದು.

ಪ್ರಶ್ನೆ: ತಮ್ಮನ ಹೊಸ ಸೈಕಲ್ಲಿನ ಮುಂದಿನ ಫೋರ್ಕ್ ಓಡಿಸುವಾಗಲೇ ಮುರಿದು ದವಡೆ ಒಡೆಯಿತು. ಮೂರು ಆಪರೇಷನ್ ಆಯಿತು, ಆ ಓಡಾಟದಲ್ಲಿ ದೂರು ಕೊಡಲಿಲ್ಲ. ಎರಡು ವರ್ಷದೊಳಗೆ ಕೊಡಬೇಕಂತೆ, ನಮ್ಮದು ಎರಡು ವರ್ಷ 11 ದಿನ ಆಗಿದೆ. ಮುಗಿಯಿತಾ? — ಕಾರ್ಕಳ

ಉತ್ತರ: ಮುಗಿದಿಲ್ಲ. ತಕ್ಕ ಕಾರಣ ತೋರಿಸಿದರೆ ತಡವನ್ನು ಮನ್ನಿಸುವ ಅಧಿಕಾರ 69ನೇ ಸೆಕ್ಷನ್ನಿನಲ್ಲಿ ಆಯೋಗಕ್ಕಿದೆ. ದೂರಿನ ಜೊತೆಗೇ ವಿಳಂಬ ಮನ್ನಿಸಿ ಅಂತ ಬೇರೆ ಅರ್ಜಿ, ಅಫಿಡವಿಟ್ ಹಾಕಬೇಕು. ಮೂರು ಆಪರೇಷನ್ನಿನ ತಾರೀಖು, ಆಸ್ಪತ್ರೆಯಲ್ಲಿದ್ದ ದಿನ, ಮನೆಗೆ ಬಂದು ಗಂಜಿ ಕುಡಿದುಕೊಂಡಿದ್ದ ದಿನ, ಎಲ್ಲ ಸೇರಿಸಿ ಬರೆಯಿರಿ. 11 ದಿನದ ತಡಕ್ಕೆ ನಿಮ್ಮ ಹತ್ತಿರ ಒಳ್ಳೆಯ ಕಾರಣವೇ ಇದೆ, ಆದರೆ ಅದು 40 ದಿನ ಆಗುವ ಮೊದಲು ಹೋಗಿ. ಉಡುಪಿಯ ಆಯೋಗಕ್ಕೆ ಈ ವಾರವೇ ಹೋಗಿ.

ಮತ್ತೆ, ಆ ಸೈಕಲ್ ಈಗ ಎಲ್ಲಿದೆ ಅಂತ ನೀವು ಬರೆದಿಲ್ಲ. ಗುಜರಿಗೆ ಹಾಕಿಲ್ಲ ಅಲ್ವಾ? ಮನೆ ಹಿಂದೆ ಬಿದ್ದಿದ್ದರೆ ಮುರಿದ ಫೋರ್ಕಿಗೆ ವೆಲ್ಡಿಂಗ್ ಮಾಡಿಸಬೇಡಿ, ತುಕ್ಕು ಉಜ್ಜಿ ತೆಗೆಯಬೇಡಿ. ಹೇಗಿದೆಯೋ ಹಾಗೇ ಗೋಣಿಚೀಲದಲ್ಲಿ ಸುತ್ತಿ ಒಳಗೆ ತಂದಿಡಿ.